ತಲೆಯ ಅರ್ಧಕ್ಕೆ ಕಣ್ಣು

ಡ್ರಾಯಿಂಗ್ ಮೇಷ್ಟ್ರ ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ರಬ್ಬರು ಇರುತ್ತಿತ್ತು. ಬಟ್ಟೆ ಒಗೆಯುವ ಮುಂಚೆ ಹೆಂಡತಿ ಅದನ್ನು ತೆಗೆದಿಟ್ಟು, ಇಸ್ತ್ರಿಯಾದ ಮೇಲೆ ಮತ್ತೆ ಅಲ್ಲಿಗೇ ಹಾಕುತ್ತಿದ್ದಳು. ಬೆಂಚುಗಳ ನಡುವೆ ಓಡಾಡುವಾಗ ಕೈ ತಾನಾಗಿಯೇ ಕಿಸೆಗೆ ಹೋಗುತ್ತಿತ್ತು; ಮಕ್ಕಳ ಭುಜದ ಮೇಲಿಂದ ಬಗ್ಗಿ ನೋಡುವಷ್ಟರಲ್ಲಿ ತಪ್ಪು ಕಾಣುತ್ತಿತ್ತು, ತಪ್ಪು ಕಂಡ ಮೇಲೆ ಆ ಚಿತ್ರದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಆ ಮಂಗಳವಾರ ಒಂಬತ್ತನೇ ತರಗತಿಗೆ ಕೊನೆಯ ಎರಡು ಪೀರಿಯಡ್ಡು ಮುಖ ಬರೆಯುವ ಪಾಠ. ಹೂಜಿ, ಚೆಂಡು, ಪುಸ್ತಕದ ಕಟ್ಟು ಬರೆದು ಮೊದಲನೇ ಹಂತದ ಡ್ರಾಯಿಂಗ್ ಪರೀಕ್ಷೆ ಪಾಸಾದವರು ಎರಡನೇ ಹಂತಕ್ಕೆ ಬಂದರೆ ಮುಖ ಬರೆಯಬೇಕು, ನೀರಿನ ಬಣ್ಣದಲ್ಲಿ ಆಕಾಶವನ್ನು ಮೇಲಿಂದ ಕೆಳಕ್ಕೆ ತೆಳುವಾಗಿ ಇಳಿಸಬೇಕು, ದೂರ ಹೋಗುವ ರಸ್ತೆಯನ್ನು ಒಂದು ಚುಕ್ಕೆಗೆ ಮುಟ್ಟಿಸಬೇಕು. ಅವರು ಬೋರ್ಡಿನ ಮೇಲೆ ಮೊಟ್ಟೆಯಾಕಾರ ಎಳೆದು ನಡುವೆ ಅಡ್ಡಗೆರೆ ಹಾಕಿ, ವರ್ಷ ವರ್ಷ ಹೇಳುವುದನ್ನೇ ಹೇಳಿದ್ದರು: ನೀವೆಲ್ಲ ಕಣ್ಣನ್ನು ಹಣೆಗೆ ಹತ್ತಿಸಿಬಿಡುತ್ತೀರಿ, ಕಣ್ಣಿರುವುದು ತಲೆಯ ಅರ್ಧಕ್ಕೆ, ಎರಡೂ ಒಂದೇ ಗೆರೆಯ ಮೇಲೆ, ಎರಡರ ನಡುವೆ ಇನ್ನೊಂದು ಕಣ್ಣು ಹಿಡಿಸುವಷ್ಟು ಜಾಗ. ಈಗ ಮನೆಯವರಲ್ಲಿ ಯಾರಾದರೂ ಒಬ್ಬರ ಮುಖ, ನೆನಪಿನಿಂದ ಬರೆಯಿರಿ.

ಕಿಟಕಿ ಬದಿಯ ಎರಡನೇ ಬೆಂಚಿನ ಹುಡುಗಿ ಒಬ್ಬ ಗಂಡಸಿನ ಮುಖ ಬರೆದಿದ್ದಳು. ಕೆನ್ನೆಯ ಇಳಿಜಾರಿನ ನೆರಳು ಚೆನ್ನಾಗಿ ಬಂದಿತ್ತು, ತುಟಿಯ ಮೂಲೆಯಲ್ಲಿ ಏನೋ ಹೇಳಲು ಹೊರಟು ಸುಮ್ಮನಾದಂಥ ಸಣ್ಣದೊಂದು ಮಡಿಕೆ ಇತ್ತು. ಅದೆಲ್ಲ ಅವರಿಗೆ ನೆನಪಾದದ್ದು ಆಮೇಲೆ. ಆಗ ಕಂಡದ್ದು ಇಷ್ಟೇ: ಕಣ್ಣುಗಳು ಒಂದೇ ಗೆರೆಯ ಮೇಲಿಲ್ಲ, ಒಂದು ಜಾರಿದೆ, ಅದರ ರೆಪ್ಪೆ ಅರ್ಧ ಮುಚ್ಚಿದೆ. ರಬ್ಬರು ಹೊರಬಂತು. ಹುಡುಗಿ ಕೈ ಹಿಂದಕ್ಕೆಳೆದು ತೊಡೆಯ ಮೇಲಿಟ್ಟುಕೊಂಡಳು. ಅವರು ಎರಡು ಕಣ್ಣನ್ನೂ ಅಳಿಸಿ, ಪುಡಿಯನ್ನು ಊದಿ, ಅವಳದೇ ಪೆನ್ಸಿಲ್ಲು ತೆಗೆದುಕೊಂಡು ಅಡ್ಡಗೆರೆ ಹಾಕಿ, ಇಪ್ಪತ್ತಾರು ವರ್ಷದಿಂದ ಹಾಕುತ್ತಿರುವ ಎರಡು ಕಣ್ಣು ಹಾಕಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಈಗ ನೋಡು, ಮುಖ ಹೇಗೆ ಕೂತುಕೊಂಡಿತು ಎಂದರು. ಅವಳು ಹೂಂ ಸಾರ್ ಎಂದಳು. ಅವರು ಮುಂದಿನ ಬೆಂಚಿಗೆ ಹೋದರು. ಅಲ್ಲಿ ಯಾರೋ ಅಜ್ಜಿಗೆ ಕಿವಿಯನ್ನೇ ಬರೆದಿರಲಿಲ್ಲ.

ಗಂಟೆ ಹೊಡೆದ ಮೇಲೆ, ಶೀಟುಗಳ ಕಟ್ಟು ಜೋಡಿಸುತ್ತಿದ್ದಾಗ, ಅವಳ ಪಕ್ಕದಲ್ಲಿ ಕೂರುವ ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. ಒಂದೇ ಸಮ ಮಾತಾಡುತ್ತಾಳೆಂದು ಇಡೀ ಶಾಲೆ ಅವಳನ್ನು ರೇಡಿಯೋ ಎನ್ನುತ್ತಿತ್ತು. ಆ ದಿನ ಅವಳ ಮಾತು ನಿಧಾನವಾಗಿತ್ತು.

“ಸಾರ್, ಅವಳು ತಪ್ಪು ಬರೆದಿರ್ಲಿಲ್ಲ. ಅವಳಪ್ಪನ ಕಣ್ಣು ಹಾಗೇ ಇತ್ತು.”

“ಇತ್ತು ಅಂದ್ರೆ?”

“ತೀರ್ಕೊಂಡ್ರಲ್ಲ ಸಾರ್. ಅರ್ಧವರ್ಷದ ಪರೀಕ್ಷೆಗೆ ಮುಂಚೆ.”

ಅವರು ಕಟ್ಟಿಗೆ ದಾರ ಸುತ್ತಿದರು. ಗಂಟು ಬಿಗಿಯಾಗಲಿಲ್ಲ, ಬಿಚ್ಚಿ ಮತ್ತೆ ಹಾಕಿದರು. ಪರೀಕ್ಷೆಗೆ ಮುಂಚೆ ಆ ಹುಡುಗಿ ಹನ್ನೆರಡು ದಿನ ಬಂದಿರಲಿಲ್ಲ. ಬಂದ ದಿನ ತಾವು ಏನು ಹೇಳಿದ್ದೆವೆಂಬುದು ಅಕ್ಷರ ಅಕ್ಷರವಾಗಿ ನೆನಪಿತ್ತು. ಇಷ್ಟೊಂದು ರಜಾ ಹಾಕಿದರೆ ಕೈ ಬಿದ್ದುಹೋಗುತ್ತದೆ, ಡ್ರಾಯಿಂಗ್ ಅಂದರೆ ಆಟವಲ್ಲ ಎಂದಿದ್ದರು. ಅವಳು ಆಗಲೂ ಹೂಂ ಸಾರ್ ಎಂದಿದ್ದಳು. ಸ್ಟಾಫ್ ರೂಮಿನಲ್ಲಿ ಲೆಕ್ಕದ ಮೇಷ್ಟ್ರು ಕಾಲು ಚಾಚಿ ಕೂತು, ನಿಮ್ಮದೇ ಸುಖ ಸಾರ್, ಉತ್ತರಪತ್ರಿಕೆ ನೋಡುವ ಗೋಳಿಲ್ಲ, ಬಣ್ಣ ಕಂಡರೆ ನಂಬರ್ ಹಾಕಿದರಾಯಿತು ಎಂದರು. ಈ ಮಾತನ್ನು ಅವರು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು, ಡ್ರಾಯಿಂಗ್ ಮೇಷ್ಟ್ರು ಪ್ರತಿ ಸಲ ನಗುತ್ತಿದ್ದರು, ಈಗಲೂ ನಕ್ಕರು. ಎಲ್ಲರೂ ಹೋದ ಮೇಲೆ ಕಟ್ಟು ಬಿಚ್ಚಿ ಆ ಶೀಟನ್ನು ಹೊರತೆಗೆದರು. ಮುಖ ಚೆನ್ನಾಗಿತ್ತು. ಯಾವುದೋ ಪುಸ್ತಕದಲ್ಲಿ ಅಚ್ಚಾದ, ಯಾರ ಮುಖವೂ ಅಲ್ಲದ ಮುಖ. ಶೀಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅಳಿಸಿದ ಗೆರೆಯ ಗೀರು ಕಾಣುತ್ತದೆಂದು ಗೊತ್ತಿತ್ತು. ಕಂಡಿತು. ಆದರೆ ಎರಡೂ ಕಡೆ ಕಂಡಿತು; ಅವಳು ಒತ್ತಿ ಬರೆದ ಗೀರು, ಅದರ ಮೇಲೆ ತಾವು ಒತ್ತಿ ಹಾಕಿದ ಗೀರು, ನಡುವೆ ರಬ್ಬರು ಎಬ್ಬಿಸಿದ ಕಾಗದದ ನವಿರು. ಯಾವುದು ಜಾರಿದ ಕಣ್ಣು, ಎಡದ್ದೋ ಬಲದ್ದೋ, ಹೇಳುವ ಹಾಗಿರಲಿಲ್ಲ. ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದರು. ರಬ್ಬರು ಕಾಗದದ ಮೇಲೆ ಓಡಾಡಿದ ಸಪ್ಪಳ ನೆನಪಾಯಿತು, ಕಣ್ಣು ಬಿಟ್ಟಾಗ ಮೂಲೆಯಲ್ಲಿ ತಾವು ಹಾಕಿದ ಏಳು ಅಂಕ ಕಣ್ಣಿಗೆ ಬಿತ್ತು. ಹತ್ತಕ್ಕೆ ಏಳು. ಅದರಲ್ಲಿ ಎಷ್ಟು ಅವಳದು, ಎಷ್ಟು ತಮ್ಮದು ಎಂದು ಯೋಚಿಸುತ್ತ, ಹೊರಗೆ ಜವಾನ ಬಾಗಿಲು ಹಾಕಲು ಕಾಯುತ್ತಿದ್ದಾನೆಂದು ಗೊತ್ತಿದ್ದೂ ಕೂತೇ ಇದ್ದರು.

ಬೇಸರವಾಗಿದೆಯೇ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದರು, ಅದು ಸುಳ್ಳೂ ಆಗುತ್ತಿರಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲು ಜೋಮು ಹಿಡಿದಾಗ ಅದು ನಮ್ಮದೇ ಕಾಲೆಂದು ಮುಟ್ಟಿ ನೋಡಿಕೊಳ್ಳಬೇಕಾಗುತ್ತದೆ; ಅಮ್ಮ ಹೋದ ಮೇಲಿನ ಈ ಒಂದು ವರ್ಷ ಅವರು ಎಲ್ಲವನ್ನೂ ಹಾಗೆಯೇ ಮುಟ್ಟಿ ನೋಡಿಕೊಳ್ಳುತ್ತ ಬಂದಿದ್ದರು. ಊಟ ಇದು, ಹೆಂಡತಿ ಇವಳು, ಅಕ್ಕನ ಫೋನು ಇದು, ಎತ್ತಬೇಕು. ಆ ಸಂಜೆ ಹೆಂಡತಿ ತಟ್ಟೆ ಮುಂದಿಟ್ಟು, ಯಾಕೆ ಹೀಗೆ ಕೂತಿದ್ದೀರಿ ಎಂದಾಗ ನಡೆದದ್ದನ್ನು ಹೇಳಿದರು. ಬೇರೆ ಯಾರಿಗೋ ಆದದ್ದನ್ನು ಹೇಳುವಂತೆ ಹೇಳಿದರು. ಅವಳು ಅಂಚೆ ಕಚೇರಿಯಲ್ಲಿ ದಿನವಿಡೀ ಜನರ ವಿಳಾಸ ತಿದ್ದುವವಳು, ತಪ್ಪಿನ ವಿಷಯದಲ್ಲಿ ಅವಳಿಗೆ ದಾಕ್ಷಿಣ್ಯವಿಲ್ಲ. ನಿಮ್ಮ ಅಮ್ಮನೂ ಅದೇ ಹೇಳುತ್ತಿದ್ದರು, ಇವನಿಗೆ ಸೊಟ್ಟಗಿರುವುದಷ್ಟೇ ಕಣ್ಣಿಗೆ ಬೀಳುವುದು ಅಂತ, ಎಂದು ನೀರು ಬಗ್ಗಿಸಿದಳು. ಸ್ವಲ್ಪ ಹೊತ್ತಿನ ಮೇಲೆ, ಹೋಗಿ ಮಾತಾಡಿಸಿ ಬನ್ನಿ, ಅವರ ಮನೆಯಲ್ಲಿ ಫೋಟೋ ಇರುತ್ತದಲ್ಲ, ಅದನ್ನು ನೋಡಿ ನೀವೇ ಒಂದು ಬರೆದುಕೊಡಿ, ಕೈಯೇನು ಸವೆಯುವುದಿಲ್ಲ ಎಂದಳು. ಇದು ಅವರಿಗೆ ಹೊಳೆದಿರಲಿಲ್ಲ. ಇಷ್ಟು ಸುಲಭವೇ ಎನಿಸಿತು. ತಾವು ಯಾರದಾದರೂ ಮುಖ ಬರೆದು ಹನ್ನೊಂದು ವರ್ಷವಾಗಿತ್ತೆಂಬುದನ್ನು ಅವಳಿಗೆ ನೆನಪಿಸಲಿಲ್ಲ.

ಗುರುವಾರ ಶಾಲೆ ಬಿಟ್ಟ ಮೇಲೆ ಹೋದರು. ಎರಡನೇ ಹಂತದ ಪರೀಕ್ಷೆಯ ಅರ್ಜಿಗೆ ಮನೆಯವರ ಸಹಿ ಬೇಕಿತ್ತು. ಅದನ್ನು ಹುಡುಗಿಯ ಕೈಯಲ್ಲೇ ಕಳಿಸಬಹುದಿತ್ತು, ಆದರೆ ಹೋಗುವುದಕ್ಕೊಂದು ಕಾರಣ ಕೈಯಲ್ಲಿರಲಿ ಎಂದು ಬ್ಯಾಗಿಗೆ ಹಾಕಿಕೊಂಡಿದ್ದರು. ಸೈಕಲ್ ಅಂಗಡಿಯ ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿದರೆ ಎರಡು ಕೋಣೆ. ಮುಂದಿನ ಕೋಣೆಯ ನೆಲದ ಮೇಲೆಲ್ಲ ಬಿಳಿ ಅಂಗಿಗಳ ರಾಶಿ; ತಾಯಿ ಅವುಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚಿಕೊಡುತ್ತಿದ್ದಳು. ಮೇಷ್ಟ್ರನ್ನು ಕಂಡು ತಡಬಡಾಯಿಸಿ ಎದ್ದಳು, ಮಡಿಲಿನಲ್ಲಿದ್ದ ಗುಂಡಿಗಳು ಚೆಲ್ಲಿ ನೆಲದ ತುಂಬ ಉರುಳಿದವು. ಹುಡುಗಿ ಒಳಗಿನ ಬಾಗಿಲಲ್ಲಿ ನಿಂತಿದ್ದವಳು ಬಗ್ಗಿ ಒಂದೊಂದಾಗಿ ಆರಿಸತೊಡಗಿದಳು. ಅವರೂ ಬಗ್ಗಿದರು. ನೀವು ಬಿಡಿ ಸಾರ್, ನೀವು ಬಿಡಿ ಎಂದು ತಾಯಿ ಕುರ್ಚಿ ಒರೆಸಿ ಕೂರಿಸಿದಳು. ಕೈಯಲ್ಲಿ ಉಳಿದ ನಾಲ್ಕು ಗುಂಡಿಗಳನ್ನು ಏನು ಮಾಡುವುದೆಂದು ತಿಳಿಯದೆ ಅವರು ಮುಷ್ಟಿ ಮುಚ್ಚಿಕೊಂಡೇ ಕೂತರು.

“ಏನಾದ್ರೂ ತಪ್ಪು ಮಾಡಿದ್ಲಾ ಸಾರ್?” ಎಂದಳು ತಾಯಿ.

ಇಲ್ಲ, ತಪ್ಪು ನಾನು ಮಾಡಿದೆ ಎನ್ನಲು ಅದೇ ಹೊತ್ತು, ಅದೇ ಜಾಗ. ಹುಡುಗಿ ಗುಂಡಿಗಳ ಡಬ್ಬಿ ಹಿಡಿದು ಅವರನ್ನೇ ನೋಡುತ್ತಿದ್ದಳು. ಅವರು ಬ್ಯಾಗಿನಿಂದ ಅರ್ಜಿ ತೆಗೆದರು. ಚೆನ್ನಾಗಿ ಬರೆಯುತ್ತಾಳೆ, ಪರೀಕ್ಷೆಗೆ ಕೂರಿಸೋಣ, ಇಲ್ಲೊಂದು ಸಹಿ ಬೇಕು ಎಂದರು. ತಂದೆಯ ಸಹಿ ಎಂದು ಅಚ್ಚಾಗಿದ್ದ ಕಡೆ ತಾಯಿಯ ಬೆರಳು ನಿಂತಿತು. ಪಕ್ಕದಲ್ಲಿ ಪೋಷಕರು ಅಂತಲೂ ಇದೆ, ಅಲ್ಲಿ ಹಾಕಿ ಎಂದರು. ಅವಳು ಅಂಗಿಗೆ ಗುಂಡಿ ಹಚ್ಚುವಷ್ಟೇ ಎಚ್ಚರದಿಂದ ಹೆಸರು ಬರೆದಳು. ಇವಳು ಎಲ್ಲ ಅವರಪ್ಪನ ಹಾಗೇ ಸಾರ್, ಮಾತು ಕಮ್ಮಿ, ತಪ್ಪಿದ್ದರೆ ನಾಲ್ಕು ಬಾರಿಸಿ ತಿದ್ದಿ ಎಂದಳು. ಮೊನ್ನೆ ಅವರಪ್ಪನ ಚಿತ್ರ ಬರೆದಳಂತೆ, ಸಾರ್ ಸರಿ ಮಾಡಿಕೊಟ್ಟರು ಅಂದಳು, ತುಂಬ ಉಪಕಾರವಾಯಿತು ಎಂದಳು. ಮೇಷ್ಟ್ರು ಹುಡುಗಿಯ ಕಡೆ ನೋಡಲಿಲ್ಲ. ಗೋಡೆಯ ಕಡೆ ನೋಡಿದರು. ಅಲ್ಲಿ ಕಟ್ಟು ಹಾಕಿಸಿದ ದೊಡ್ಡ ಫೋಟೋ ಇತ್ತು: ನೀಲಿ ಬಣ್ಣದ ಹಿನ್ನೆಲೆ, ಬಾಚಿದ ತಲೆ, ನಡುವಯಸ್ಸಿನ ಗಂಡಸು, ಎರಡು ಕಣ್ಣೂ ಒಂದೇ ಗೆರೆಯ ಮೇಲೆ.

ಅವರ ಕಣ್ಣು ಹೋದ ಕಡೆಗೆ ತಾಯಿಯ ಕಣ್ಣೂ ಹೋಯಿತು. “ಅದು ಸ್ಟುಡಿಯೋದವ್ರು ಮಾಡಿದ್ದು ಸಾರ್. ಚಿಕ್ಕ ಫೋಟೋ ಕೊಟ್ಟು ದೊಡ್ಡದು ಮಾಡ್ಕೊಡಿ ಅಂದ್ವಿ. ಕಣ್ಣು ಸರಿ ಮಾಡಿ ಕೊಟ್ಟಿದಾರೆ. ನಾವೇನೂ ಹೇಳಿರ್ಲಿಲ್ಲ.”

ಚಿಕ್ಕ ಫೋಟೋ ಸ್ಟುಡಿಯೋದಲ್ಲೇ ಎಲ್ಲೋ ಕಳೆದುಹೋಗಿತ್ತು. ಫೋನಿನಲ್ಲಿ ಹುಡುಕಿದರೆ ಎಲ್ಲ ಫೋಟೋದಲ್ಲೂ ತಾಯಿ, ಮಗಳು, ನೆಂಟರು, ಆತ ಇಲ್ಲ. ಫೋಟೋ ಅಂದರೆ ಸಾಕು, ಕೊಡಿ ನಾನು ತೆಗೀತೀನಿ ಎಂದು ಕಿತ್ತುಕೊಳ್ಳುತ್ತಿದ್ದರು ಎಂದು ತಾಯಿ ಹೇಳಿದಳು. ಹೇಳುತ್ತ ಸಣ್ಣಗೆ ನಕ್ಕಳು. ಯಾವ ಕಣ್ಣು ಎಂದು ಮೇಷ್ಟ್ರು ಕೇಳಿದರು, ಸುಮ್ಮನೆ ಕೇಳುವವರ ಹಾಗೆ. ತಾಯಿ ಎಡಗಣ್ಣು ಎಂದಳು. ಅದೇ ಹೊತ್ತಿಗೆ ಬಾಗಿಲಿನಿಂದ ಹುಡುಗಿ ಬಲಗಣ್ಣು ಎಂದಳು. ನನಗೆ ಗೊತ್ತಿಲ್ವೇನೇ, ಹದಿನೇಳು ವರ್ಷ ಎದುರಿಗೆ ಕೂತು ಉಂಡಿದೀನಿ ಎಂದು ತಾಯಿ ಕೈಯೆತ್ತಿ ತನ್ನ ಎಡಗಣ್ಣಿನ ಹತ್ತಿರ ತಂದಳು. ಎದುರಿಗೆ ಕೂತರೆ ಈ ಕಡೆ, ಅಂದರೆ ಅವರಿಗೆ ಆ ಕಡೆ ಎಂದಳು. ಕೈಯನ್ನು ಬಲಗಣ್ಣಿಗೆ ಒಯ್ದಳು, ಮತ್ತೆ ಎಡಕ್ಕೆ ತಂದಳು. ಆಮೇಲೆ ಆ ಕೈ ಮುಖದ ಮುಂದೆ ಗಾಳಿಯಲ್ಲಿ ನಿಂತುಬಿಟ್ಟಿತು. ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿ ಬಿಟ್ಟಿದ್ದರು, ಅದು ಸುತ್ತುವ ಸದ್ದು ನಿಧಾನವಾಗಿ ಕಮ್ಮಿಯಾಗುತ್ತ ಬಂತು. ಮಾತು ಬೇರೆ ಕಡೆ ತಿರುಗಿಸಬೇಕೆಂದು ಮೇಷ್ಟ್ರು, ಅವರು ಎಲ್ಲಿ ಕೆಲಸದಲ್ಲಿದ್ದರು ಎಂದರು.

“ದೊಡ್ಡಾಸ್ಪತ್ರೆ ಲಿಫ್ಟಲ್ಲಿ ಸಾರ್. ಹದಿನೆಂಟು ವರ್ಷ.”

ಮೆಟ್ಟಿಲಿಳಿದು ರಸ್ತೆಗೆ ಬಂದು, ಬಸ್ಸು ಹತ್ತದೆ ನಡೆದರು. ಹೋದ ವರ್ಷ ಇಪ್ಪತ್ತೆರಡು ದಿನ, ಬೆಳಿಗ್ಗೆ ಸಂಜೆ, ಅವರು ಆ ಲಿಫ್ಟಿನಲ್ಲಿ ಓಡಾಡಿದ್ದರು. ಐದನೇ ಮಹಡಿಯ ಕೊನೆಯ ವಾರ್ಡಿನಲ್ಲಿ ಅಮ್ಮ. ಬೆಳಿಗ್ಗೆ ಗಂಜಿಯ ಫ್ಲಾಸ್ಕು, ಸಂಜೆ ಒಗೆದ ಬಟ್ಟೆಯ ಚೀಲ. ಮೊದಲೆರಡು ದಿನ ಆತ ಐದಾ ಎಂದು ಕೇಳುತ್ತಿದ್ದ. ಮೂರನೇ ದಿನದಿಂದ ಕೇಳಲಿಲ್ಲ, ಇವರು ಒಳಗೆ ಕಾಲಿಟ್ಟ ಕೂಡಲೇ ಬೆರಳು ಐದರ ಮೇಲೆ ಹೋಗುತ್ತಿತ್ತು. ಆ ಬೆರಳು ಈಗಲೂ ಕಾಣುತ್ತದೆ. ಉಗುರಿನ ಒಂದು ಮೂಲೆ ಕಪ್ಪುಗಟ್ಟಿತ್ತು. ನೀಲಿ ತೋಳಿನ ಪಟ್ಟಿಯಿಂದ ಒಂದು ಎಳೆ ದಾರ ಜೋತಾಡುತ್ತಿತ್ತು, ಗುಂಡಿ ಮಾತ್ರ ಭದ್ರವಾಗಿತ್ತು. ಮೂಲೆಯಲ್ಲಿ ಮರದ ಸ್ಟೂಲು, ಅದರ ಮೇಲೆ ನಾಲ್ಕು ಮಡಿಕೆಯ ಹಳೆ ಕಂಬಳಿ. ಇಪ್ಪತ್ತಮೂರನೇ ದಿನದ ಮಧ್ಯಾಹ್ನ, ಎಲ್ಲ ಮುಗಿದು, ಕಾಗದಪತ್ರಕ್ಕೆ ಸಹಿ ಹಾಕಲು ಕೆಳಗಿಳಿಯಬೇಕಾಗಿ ಬಂದಾಗ, ಲಿಫ್ಟಿನ ಬಾಗಿಲಲ್ಲಿ ಆತ ಇವರನ್ನೂ ಕೈಯಲ್ಲಿದ್ದ ಖಾಲಿ ಫ್ಲಾಸ್ಕನ್ನೂ ನೋಡಿ ಎದ್ದು ನಿಂತಿದ್ದ. ಕೂತ್ಕೊಳ್ಳಿ ಸಾರ್ ಎಂದಿದ್ದ. ಅವರು ಕೂತಿದ್ದರು. ಆತ ಕೀಲಿ ಹಾಕಿ ಏನೋ ತಿರುಗಿಸಿದ, ಲಿಫ್ಟು ನಡುವೆ ಎಲ್ಲೂ ನಿಲ್ಲದೆ, ಯಾರನ್ನೂ ಹತ್ತಿಸಿಕೊಳ್ಳದೆ, ಅವರೊಬ್ಬರನ್ನೇ ಕೆಳಗೆ ತಂದಿತು. ಪ್ರತಿ ಮಹಡಿಯಲ್ಲೂ ಹೊರಗಿನಿಂದ ಜನ ಬಾಗಿಲು ತಟ್ಟುವುದು ಕೇಳುತ್ತಿತ್ತು. ಇಷ್ಟೆಲ್ಲ ನೆನಪಿದೆ. ಕಂಬಳಿಯ ಒರಟು ಅಂಗೈಗೆ ತಾಕಿದ್ದು ನೆನಪಿದೆ. ಮುಖವೊಂದು ಇಲ್ಲ. ಮುಖ ಇರಬೇಕಾದ ಕಡೆ ರಬ್ಬರು ಹಾಕಿ ಉಜ್ಜಿದಂತೆ ಮಂಕು ಬಿಳುಪು. ನೋಡಿ ಬರೆಯಿರಿ, ನೋಡದೆ ಗೆರೆ ಎಳೆಯಬೇಡಿ ಎಂದು ಇಪ್ಪತ್ತಾರು ವರ್ಷ ಮಕ್ಕಳಿಗೆ ಹೇಳಿದ ಮನುಷ್ಯ ಎಂದು ತಮ್ಮನ್ನು ತಾವು ಬೈದುಕೊಳ್ಳಲು ನೋಡಿದರು. ಬೈಗುಳ ಎಲ್ಲೂ ತಾಕಲಿಲ್ಲ. ಮನೆಗೆ ಬಂದು ಕೈಬಿಚ್ಚಿದಾಗ ನಾಲ್ಕು ಬಿಳಿ ಗುಂಡಿಗಳು ಅಂಗೈಯಲ್ಲೇ ಇದ್ದವು.

ಹೆಂಡತಿಯನ್ನು ಕೇಳಿದರು. ಲಿಫ್ಟಿನವರಾ, ಗೊತ್ತು, ಪಾಪ, ಆವತ್ತು ಸಂಜೆ ನನ್ನನ್ನೂ ಅವರೇ ಇಳಿಸಿದ್ದು ಎಂದಳು. ಮುಖ ಎಂದರೆ, ನಾನು ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದೆನಲ್ಲ ಎಂದಳು. ಅಕ್ಕನಿಗೆ ಫೋನು ಮಾಡಿದರು. ಅಕ್ಕ, ಅಮ್ಮನ ವರ್ಷದ ವಿಷಯಕ್ಕೇ ಫೋನು ಮಾಡಿದ್ದಾನೆಂದು ಅದನ್ನೇ ಮಾತಾಡಿದಳು. ಲಿಫ್ಟಿನ ಸುದ್ದಿ ಎತ್ತಿದಾಗ, ನಿನಗೆ ತಲೆ ಸರಿ ಇದೆಯೇನೋ, ಅಮ್ಮನನ್ನು ನೋಡೋಕೆ ಬಂದಿದ್ವೋ ಲಿಫ್ಟಿನವನನ್ನೋ ಎಂದಳು.

ಶನಿವಾರ ಮಧ್ಯಾಹ್ನ ಆಸ್ಪತ್ರೆಗೆ ಹೋದರು. ಕೆಲಸದವರ ಗುರುತಿನ ಚೀಟಿಗೆ ತೆಗೆದ ಫೋಟೋ ಕಚೇರಿಯಲ್ಲಿ ಇರಬಹುದು ಎಂದು ಹೆಂಡತಿಯೇ ಹೇಳಿದ್ದಳು. ಕಿಟಕಿಯ ಮುಂದೆ ಹತ್ತು ಜನರ ಸಾಲು. ತಮ್ಮ ಸರದಿ ಬಂದಾಗ, ಬಸ್ಸಿನಿಂದ ಇಲ್ಲಿಯವರೆಗೂ ಕೂಡಿಸಿಕೊಂಡು ಬಂದ ವಾಕ್ಯ ಗಾಜಿನ ತೂತಿನೊಳಗೆ ಹೋಗುವಷ್ಟರಲ್ಲಿ ಮುರಿದುಹೋಯಿತು. ಗುಮಾಸ್ತ ಎರಡು ಸಲ ಕೇಳಿಸಿಕೊಂಡ.

“ನೀವು ಅವರಿಗೆ ಏನಾಗ್ಬೇಕು?”

“ಏನೂ ಆಗ್ಬೇಕಿಲ್ಲ.”

ಹಿಂದೆ ನಿಂತವರಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ತೀರಿಕೊಂಡವರ ಚೀಟಿ ವಾಪಸು ತೆಗೆದುಕೊಂಡು ಕತ್ತರಿಸಿ ಹಾಕುತ್ತೇವೆ, ಅರ್ಜಿಯ ಫೋಟೋ ಹದಿನೆಂಟು ವರ್ಷದ ಹಿಂದಿನದು, ಆ ಕಡತಗಳೆಲ್ಲ ನೀರು ನುಗ್ಗಿದಾಗ ಹೋದವು ಎಂದು ಗುಮಾಸ್ತ ಹೇಳಿದ. ಕೆಟ್ಟವನೇನಲ್ಲ; ಮೇಷ್ಟ್ರು ಎಂದು ತಿಳಿದ ಮೇಲೆ ಏಳದಿದ್ದರೂ ಸ್ವಲ್ಪ ಮುಂದಕ್ಕೆ ಬಾಗಿದ. ನಾನೂ ದಿನಾ ಅವರ ಲಿಫ್ಟಲ್ಲೇ ಬರುತ್ತಿದ್ದೆ, ಒಂದು ದಿನವೂ ತಪ್ಪಿ ರಜಾ ಹಾಕಿದವರಲ್ಲ ಎಂದ. ಅವರ ಕಣ್ಣು ಯಾವ ಕಡೆಯದು ಜಾರಿತ್ತು ಎಂದು ಮೇಷ್ಟ್ರು ಕೇಳಿದರು. ಗುಮಾಸ್ತ ಪೆನ್ನು ಕೆಳಗಿಟ್ಟ.

“ಕಣ್ಣಾ? ಕಣ್ಣಿಗೇನಾಗಿತ್ತು?”

ಅವರು ಥ್ಯಾಂಕ್ಸ್ ಹೇಳಿ ಹೊರಗೆ ಬಂದರು. ಲಿಫ್ಟಿನ ಕಡೆಗೆ ಹೋಗಲಿಲ್ಲ. ಗೇಟಿನ ಹೊರಗೆ ಒಬ್ಬ ಹೆಂಗಸು ಅಳುತ್ತಿದ್ದಳು, ಅವಳ ಜೊತೆಯವನು ಆಟೋ ಹುಡುಕುತ್ತಿದ್ದ. ಅವಳ ಮುಖವನ್ನು ನೋಡಬೇಕೆಂದುಕೊಂಡು ನಿಂತರು. ಹುಬ್ಬು, ಮೂಗಿನ ಹೊಳ್ಳೆ, ಕೆಳತುಟಿಯ ಕೆಳಗಿನ ನೆರಳು ಎಂದು ಒಂದೊಂದಾಗಿ ನೋಡುತ್ತ ಹೋದಂತೆ ಅದು ಪಾಠದ ಬೋರ್ಡಾಯಿತು. ಆ ಹೆಂಗಸು ತಲೆಯೆತ್ತಿ, ಏನು ಬೇಕು ನಿಮಗೆ ಎಂದಳು. ಅವರು ತಿರುಗಿ ಬಸ್ಸಿನ ಕಡೆ ನಡೆದರು.

ಮುಂದಿನ ಮಂಗಳವಾರ ಲೆಕ್ಕದ ಮೇಷ್ಟ್ರು ಮೆಟ್ಟಿಲ ಹತ್ತಿರ ಸಿಕ್ಕಿ, ಒಂಬತ್ತನೇ ತರಗತಿಗೆ ಎರಡು ಪಾಠ ಬಾಕಿ ಇದೆ, ಇವತ್ತು ಕೊನೇ ಪೀರಿಯಡ್ಡು ನಂಗೆ ಬಿಟ್ಟುಕೊಡಿ ಸಾರ್, ನಿಮ್ಮದು ಹೇಗಿದ್ದರೂ ಗೀಚೋದು ತಾನೆ ಎಂದರು. ಕೇಳಿದಾಗಲೆಲ್ಲ ಬಿಟ್ಟುಕೊಟ್ಟೇ ಅವರಿಗೆ ಒಳ್ಳೆಯವರೆಂಬ ಹೆಸರು ಬಂದಿತ್ತು. ಇವತ್ತು ಆಗುವುದಿಲ್ಲ ಎಂದರು. ಲೆಕ್ಕದ ಮೇಷ್ಟ್ರು ತಮಾಷೆಯಿರಬೇಕೆಂದು ನಗುತ್ತ ನಿಂತರು, ಇವರು ಮೆಟ್ಟಿಲು ಹತ್ತಿ ಹೋದರು. ಎದೆ ಹೊಡೆದುಕೊಳ್ಳಬಹುದೆಂದು ಕಾದರು. ಅದು ಎಂದಿನಂತೆ ತನ್ನ ಕೆಲಸ ಮಾಡಿಕೊಂಡಿತ್ತು.

ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಜೊತೆ ಜೊತೆಯಾಗಿ ಎದುರು ಬದುರು ಕೂತು ಒಬ್ಬರ ಮುಖ ಇನ್ನೊಬ್ಬರು ಬರೆಯಿರಿ, ಗೆರೆ ಎಳೆದು ಭಾಗ ಮಾಡಬೇಡಿ, ಇದ್ದದ್ದನ್ನು ಇದ್ದ ಹಾಗೆ ಹಾಕಿ ಎಂದರು. ಬೆಂಚು ಎಳೆಯುವ ಗದ್ದಲ, ಕಿಸಿಕಿಸಿ ನಗು ಮುಗಿಯಲು ಐದು ನಿಮಿಷ ಬೇಕಾಯಿತು. ರೇಡಿಯೋಗೆ ಜ್ವರ, ಬಂದಿರಲಿಲ್ಲ. ಕಿಟಕಿ ಬದಿಯ ಹುಡುಗಿ ಒಬ್ಬಳೇ ಉಳಿದಳು. ಮೇಷ್ಟ್ರು ತಮ್ಮ ಕುರ್ಚಿಯನ್ನು ತಾವೇ ಹೊತ್ತು ತಂದು ಅವಳ ಬೆಂಚಿನ ಮುಂದೆ ಹಾಕಿ ಕೂತರು. ನನ್ನದೇ ಬರಿ ಎಂದರು. ಅವಳು ತೋಳು ಚಾಚಿ, ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ ಅಳತೆ ತೆಗೆದಳು. ಅವರೇ ಕಲಿಸಿದ್ದು. ಇಪ್ಪತ್ತಾರು ವರ್ಷದಲ್ಲಿ ಆ ಪೆನ್ಸಿಲ್ಲಿನ ಈಚೆ ಕಡೆ ಕೂತದ್ದು ಮೊದಲ ಸಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವಳು ನೋಡುತ್ತಿದ್ದಳು, ಹೂಂ ಸಾರ್ ಎನ್ನುವ ಹುಡುಗಿಯ ನೋಟವಲ್ಲ, ಕೆಲಸದಲ್ಲಿರುವವರ ನೋಟ. ಗದ್ದ, ಕೆನ್ನೆ, ಮತ್ತೆ ಗದ್ದ. ಆ ನೋಟ ಸರಿದ ಕಡೆಯಲ್ಲೆಲ್ಲ ಅವರಿಗೆ ತಮ್ಮ ಮುಖ ಇದೆಯೆಂದು ಗೊತ್ತಾಗುತ್ತ ಬಂತು.

“ಆವತ್ತು ನಾನು ಅಳಿಸ್ಬಾರ್ದಿತ್ತು,” ಎಂದರು. ಉಳಿದವರಿಗೆ ಕೇಳಬಾರದೆಂದು ತಗ್ಗಿಸಿದ ದನಿ ತೀರ ತಗ್ಗಿತು, ಇನ್ನೊಮ್ಮೆ ಹೇಳಬೇಕಾಯಿತು.

“ಪರವಾಗಿಲ್ಲ ಸಾರ್.” ಪೆನ್ಸಿಲ್ಲು ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು, “ಮನೇಲಿ ಮತ್ತೆ ಬರೆದು ನೋಡ್ದೆ. ಬರ್ಲಿಲ್ಲ. ಈಗ ನೆನಪು ಮಾಡ್ಕೊಂಡ್ರೆ ನೀವು ಹಾಕಿದ ಕಣ್ಣೇ ಬರತ್ತೆ.”

ಅದರಲ್ಲಿ ದೂರು ಇರಲಿಲ್ಲ. ಬಣ್ಣ ಒಣಗಿಲ್ಲ ಸಾರ್ ಎಂದು ಹೇಳುವ ಹಾಗೆ ಹೇಳಿದಳು. ಅವರು ಆಗ ಲಿಫ್ಟಿನ ವಿಷಯ ಹೇಳಿದರು. ಇಪ್ಪತ್ತೆರಡು ದಿನ, ಐದನೇ ಮಹಡಿ, ತಮ್ಮ ಅಮ್ಮ. ಕೇಳದೆಯೇ ಐದರ ಮೇಲೆ ಹೋಗುತ್ತಿದ್ದ ಬೆರಳು. ಕೊನೆಯ ದಿನ ಬಿಟ್ಟುಕೊಟ್ಟ ಸ್ಟೂಲು, ಎಲ್ಲೂ ನಿಲ್ಲಿಸದೆ ಕೆಳಗೆ ತಂದದ್ದು. ಈ ಸಂಗತಿಯನ್ನು ಅವರು ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ. ಹುಡುಗಿ ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಕಂಬಳಿ ಕಂದು ಬಣ್ಣದ್ದಾ ಎಂದು ಕೇಳಿದಳು. ಹೌದು ಎಂದರು. ಅದು ನಮ್ಮನೇದು ಎಂದಳು. ಆಮೇಲೆ ಪೆನ್ಸಿಲ್ಲಿನ ತುದಿಯನ್ನು ನೋಡುತ್ತ ಕೇಳಿದಳು:

“ಹಾಗಾದ್ರೆ ನೀವು ನೋಡಿದೀರಲ್ಲ ಸಾರ್. ಅಮ್ಮ ಎಡ ಅಂತಾರೆ. ಎಡಗಣ್ಣಾ, ಬಲಗಣ್ಣಾ?”

ಎರಡರಲ್ಲಿ ಒಂದು ಹೇಳಬಹುದಿತ್ತು. ಮೇಷ್ಟ್ರು ಹೇಳಿದ್ದೆಂದು ಅವಳು ನಂಬುತ್ತಿದ್ದಳು, ಮನೆಗೆ ಹೋಗಿ ತಾಯಿಗೂ ಹೇಳುತ್ತಿದ್ದಳು, ಆ ಮನೆಯಲ್ಲಿ ಆ ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಬಲ ಎಂಬ ಮಾತು ನಾಲಗೆಯವರೆಗೆ ಬಂದಿತ್ತು. ಅವಳು ಕಾಯುತ್ತಿದ್ದಳು, ಹಾಳೆಯ ಮೇಲೆ ಕೈ ಊರಿಕೊಂಡು.

“ನಾನು ನೋಡ್ಲಿಲ್ಲಮ್ಮ,” ಎಂದರು. “ಅಷ್ಟು ದಿನದಲ್ಲಿ ಒಂದ್ಸಲಾನೂ ಮುಖ ನೋಡ್ಲಿಲ್ಲ.”

ಹುಡುಗಿ ತಲೆಯಾಡಿಸಿದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಬದಲಾಗಿದ್ದರೆ ಅವರಿಗೆ ಸುಲಭವಾಗುತ್ತಿತ್ತು.

“ಯಾರೂ ನೋಡ್ತಿರ್ಲಿಲ್ಲ ಸಾರ್. ಅಪ್ಪನೇ ಹೇಳೋರು. ಲಿಫ್ಟಲ್ಲಿ ಎಲ್ರೂ ನಂಬರ್ ನೋಡ್ತಾರಂತೆ. ಅದಕ್ಕೇ ಆ ಕೆಲ್ಸ ಅವ್ರಿಗೆ ಇಷ್ಟ ಇತ್ತು.”

ಅವರು ಏನೋ ಹೇಳಲು ಮುಂದಕ್ಕೆ ಬಾಗಿದರು. “ತಲೆ ಅಲ್ಲಾಡಿಸ್ಬೇಡಿ ಸಾರ್,” ಎಂದಳು ಅವಳು, ಪೆನ್ಸಿಲ್ಲನ್ನು ಮತ್ತೆ ಎತ್ತಿ ಹಿಡಿದು. “ಈಗ ಕಣ್ಣು ಹಾಕ್ತಿದೀನಿ.” ಅವರು ಹಿಂದಕ್ಕೆ ಸರಿದು, ಮೊದಲು ಹೇಗೆ ಕೂತಿದ್ದರೋ ಹಾಗೇ ಕೂತರು. ಗಂಟೆ ಹೊಡೆಯಿತು. ಬೆಂಚುಗಳು ಸರಿದವು, ಮಕ್ಕಳು ಶೀಟುಗಳನ್ನು ಮೇಜಿನ ಮೇಲೆ ಎಸೆದು ಓಡಿದರು, ಕಾರಿಡಾರಿನ ಸದ್ದು ಮೆಟ್ಟಿಲಿಳಿದು ದೂರವಾಯಿತು. ಹುಡುಗಿ ಏಳಲಿಲ್ಲ. ಅವಳು ನೋಡಿದಳು, ಬರೆದಳು, ಮತ್ತೆ ನೋಡಿದಳು. ಮೇಷ್ಟ್ರ ಕಣ್ಣು ತುಂಬಿ ಒಂದು ಹನಿ ಮೂಗಿನ ಪಕ್ಕದಿಂದ ಇಳಿಯತೊಡಗಿತು. ಒರೆಸಿಕೊಂಡರೆ ಮುಖ ಅಲ್ಲಾಡುತ್ತದೆಂದು ಒರೆಸಿಕೊಳ್ಳಲಿಲ್ಲ. ಅವಳು ಅದನ್ನೂ ನೋಡಿದಳು. ಪೆನ್ಸಿಲ್ಲು ಒಂದು ಕ್ಷಣ ನಿಂತು, ಅದು ಎಲ್ಲಿಯವರೆಗೆ ಇಳಿಯುತ್ತದೆಂದು ಕಾದು, ಮುಂದುವರಿಯಿತು.